ಯಾರ ಕೈಯಲ್ಲಿ ಎಷ್ಟು ಕೆಲಸ?



ರೇಡಿಯೋಗೆ ಒಂದು ಅದೃಷ್ಟವಿದೆ. ಕೇಳುವವರು ಹೆಚ್ಚಾದರೆ ಅದಕ್ಕೆ ಭಾರ ಹೆಚ್ಚಾಗುವುದಿಲ್ಲ. ಡೊಂಬಿವಲಿಯ ಒಂದೇ ಮನೆಯಲ್ಲಿ ರೇಡಿಯೋ ಹಾಡಿದರೂ, ಕಲ್ಯಾಣದಿಂದ ನೆರೂಲ್‌ವರೆಗೆ ಮನೆಮನೆಯಲ್ಲೂ ಹಾಡಿದರೂ ಟ್ರಾನ್ಸ್‌ಮಿಟರ್‌ಗೆ ಬೇಕಾದ ಕರೆಂಟು ಅಷ್ಟೇ. ಆದರೆ ಅದೇ ರೇಡಿಯೋದಲ್ಲಿ ಫೋನ್-ಇನ್ ಕಾರ್ಯಕ್ರಮ ಶುರುವಾಗಲಿ, ಲೆಕ್ಕವೇ ಬೇರೆ. ಪ್ರತಿ ಕರೆಗೂ ಒಂದು ಲೈನು ಬೇಕು, ಮಾತನಾಡಿಸಲು ಒಬ್ಬರು ಬೇಕು. ಲೈನು ಎಂಗೇಜ್ ಬಂದರೆ ನೀವು ಏನು ಮಾಡುತ್ತೀರಿ? ರೀಡಯಲ್ ಒತ್ತುತ್ತೀರಿ. ನಿಮ್ಮ ಹಾಗೆಯೇ ಇನ್ನೂ ನೂರಾರು ಜನ ಒತ್ತುತ್ತಾರೆ. ಲೈನು ಮತ್ತಷ್ಟು ಎಂಗೇಜ್ ಆಗುತ್ತದೆ.

ನಮ್ಮ ಮೊಬೈಲಿನ ಹಿಂದೆ ದುಡಿಯುವ ಕಂಪ್ಯೂಟರುಗಳ ಲೋಕ ಈ ಎರಡನೆಯ ಬಗೆಯದು. ಅಲ್ಲಿ ನೀವು ಒತ್ತುವ ಪ್ರತಿ ಬಟನ್ನಿಗೂ ಎಲ್ಲೋ ಒಂದು ಯಂತ್ರ ಬೇರೆಯಾಗಿಯೇ ಕೆಲಸ ಮಾಡಬೇಕು. ಆ ಕೆಲಸವನ್ನು ಯಾವ ಯಂತ್ರಕ್ಕೆ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ತೀರ್ಮಾನಿಸುವುದೇ ಒಂದು ದೊಡ್ಡ ವಿದ್ಯೆ. ಈ ಸಲ ಅದರ ಬಗ್ಗೆ ಮಾತನಾಡೋಣ ಬನ್ನಿ.

ಆ ಶನಿವಾರ ಏನಾಯಿತು?

2025ರ ಏಪ್ರಿಲ್ 12, ಹನುಮ ಜಯಂತಿಯ ಶನಿವಾರ. ದೇಶದಾದ್ಯಂತ ಯುಪಿಐ ಪಾವತಿ ತಾಸುಗಟ್ಟಲೆ ಕೈಕೊಟ್ಟಿತು. ತರಕಾರಿ ಕೊಂಡವರ ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಹಣ ಖಾತೆಯಿಂದ ಹೋಯಿತೇ, ಅಂಗಡಿಯವನಿಗೆ ಸೇರಿತೇ ಎನ್ನುವುದು ಇಬ್ಬರಿಗೂ ತಿಳಿಯದು. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟವರಿಗೆ ಅಂದು ಆಟೋ ಬಾಡಿಗೆ ಕೊಡುವುದೂ ಕಷ್ಟವಾಯಿತು.

ಯುಪಿಐ ನಡೆಸುವುದು ಮುಂಬಯಿಯಲ್ಲೇ ಕೇಂದ್ರ ಕಚೇರಿ ಇರುವ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಅದು ಆಮೇಲೆ ಕಂಡುಕೊಂಡ ಕಾರಣ ಸ್ವಾರಸ್ಯವಾಗಿದೆ. ತೊಂದರೆಯ ಮೂಲ ಪಾವತಿಗಳ ಸಂಖ್ಯೆಯಲ್ಲಿ ಇರಲಿಲ್ಲ. 'ಆ ಪಾವತಿ ಏನಾಯಿತು?' ಎಂದು ಕೇಳುವ ವಿಚಾರಣೆಗಳ ಪ್ರವಾಹ ಬಂದಿತ್ತು. ಕೆಲವು ಬ್ಯಾಂಕುಗಳ ಕಡೆಯಿಂದ ಹಳೆಯ ವಹಿವಾಟುಗಳ ಬಗ್ಗೆ ಕೂಡ ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿತ್ತು. ಹಣ ಸಾಗಿಸಬೇಕಾದ ವ್ಯವಸ್ಥೆ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಸುಸ್ತಾಯಿತು. ನಮ್ಮ ರೀಡಯಲ್ ಕಥೆಯೇ, ಆದರೆ ಕೋಟಿಗಳ ಲೆಕ್ಕದಲ್ಲಿ.

ಎಷ್ಟು ಕೋಟಿ? 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐನಲ್ಲಿ 2000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು. ಭಾಗಿಸಿ ನೋಡಿ: ಹಗಲು ರಾತ್ರಿ ಸೇರಿಸಿ ಸರಾಸರಿ ಸೆಕೆಂಡಿಗೆ ಸುಮಾರು 7500. ಇಷ್ಟು ಭಾರವನ್ನು ಒಂದೇ ಕಂಪ್ಯೂಟರಿನ ಮೇಲೆ ಹೊರಿಸುವುದು ಜಾಣತನವಲ್ಲ.

ಒಂದು ಯಂತ್ರವಲ್ಲ, ಒಂದು ಅಡುಗೆಮನೆ

ಅನೇಕ ಕಂಪ್ಯೂಟರುಗಳು ಜಾಲದ ಮೂಲಕ ಸೇರಿ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವುದಕ್ಕೆ ಡಿಸ್ಟ್ರಿಬ್ಯೂಟೆಡ್ ಸಿಸ್ಟಂ ಎನ್ನುತ್ತಾರೆ. ಅದರೊಳಗೆ ಒಂದೊಂದು ಯಂತ್ರದಲ್ಲೂ ಹಲವು ವರ್ಕರ್‌ಗಳು ಓಡುತ್ತಿರುತ್ತವೆ. ವರ್ಕರ್ ಎಂದರೆ ಮನುಷ್ಯನಲ್ಲ, ಕೊಟ್ಟ ಕೆಲಸವನ್ನು ಎತ್ತಿಕೊಂಡು ಮುಗಿಸುವ ಒಂದು ಪ್ರೋಗ್ರಾಮು. ಕೆಲಸ ಹಂಚುವ ಪ್ರೋಗ್ರಾಮಿಗೆ ಶೆಡ್ಯೂಲರ್ ಎಂದು ಹೆಸರು.

ಥಾಣೆ ಸ್ಟೇಷನ್ ಹತ್ತಿರದ ಯಾವುದಾದರೂ ಉಡುಪಿ ಹೋಟೆಲನ್ನು ನೆನೆಸಿಕೊಳ್ಳಿ. ಅಡುಗೆಮನೆಯಲ್ಲಿ ನಾಲ್ಕು ಮಂದಿ ಭಟ್ಟರು. ಅವರ ಕೈಯೇ ಪ್ರೊಸೆಸರ್. ಮುಂದಿರುವ ಕಟ್ಟೆಯ ಜಾಗ ಮೆಮೊರಿ: ಈಗ ಬೇಕಾದ ಪಾತ್ರೆ, ಹಿಟ್ಟು, ಪಲ್ಯ ಎಲ್ಲ ಅದರ ಮೇಲೆಯೇ ಇರಬೇಕು. ಹಿಂದಿನ ಸ್ಟೋರ್ ರೂಮು ಡಿಸ್ಕ್. ಅಡುಗೆಮನೆಯಿಂದ ಹಾಲಿಗೆ ಹೋಗುವ ಕಿರಿದಾದ ದಾರಿ ನೆಟ್‌ವರ್ಕ್. ಆರ್ಡರ್ ಕೂಗುವ ಸಪ್ಲಾಯರ್ ಮತ್ತು ಭಟ್ಟರ ನಡುವೆ ನಿಂತು 'ಇದು ನಿಮಗೆ, ಅದು ಅವರಿಗೆ' ಎಂದು ಹಂಚುವ ಮ್ಯಾನೇಜರೇ ಶೆಡ್ಯೂಲರ್.

ಹಂಚುವ ಅತಿ ಸುಲಭದ ದಾರಿ ಸರದಿ. ಮೊದಲ ಆರ್ಡರ್ ಮೊದಲನೆಯವರಿಗೆ, ಎರಡನೆಯದು ಎರಡನೆಯವರಿಗೆ, ಐದನೆಯದು ಮತ್ತೆ ಮೊದಲನೆಯವರಿಗೆ. ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ ರೌಂಡ್ ರಾಬಿನ್ ಎನ್ನುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ ಮೊದಲನೆಯವರಿಗೆ ಬಂದದ್ದು ಐವತ್ತು ಜನರ ಪಾರ್ಟಿಯ ಪಲಾವು, ಎರಡನೆಯವರಿಗೆ ಬಂದದ್ದು ಒಂದು ಪ್ಲೇಟ್ ಇಡ್ಲಿ. ಐದನೆಯ ಆರ್ಡರ್ ಒಂದು ಕಪ್ ಕಾಫಿಯೇ ಆದರೂ ಅದು ಪಲಾವಿನ ಹಿಂದೆ ಕಾಯಬೇಕು. ಎರಡನೆಯ ಭಟ್ಟರು ಮಾತ್ರ ಕೈ ಒರೆಸಿಕೊಂಡು ನಿಂತಿರುತ್ತಾರೆ. ತಲೆ ಎಣಿಸಿ ಸಮನಾಗಿ ಹಂಚಿದರೆ ಕೆಲಸ ಸಮನಾಗಿ ಹಂಚಿದಂತಾಗುವುದಿಲ್ಲ. ಯಾರ ಕೈ ಖಾಲಿ ಇದೆ, ಯಾರ ಕಟ್ಟೆಯಲ್ಲಿ ಜಾಗ ಇದೆ, ಬಂದ ಕೆಲಸಕ್ಕೆ ಏನೇನು ಬೇಕು ಎಂದು ನೋಡಿ ಹಂಚುವುದೇ ಸಂಪನ್ಮೂಲ ಅರಿತ ಶೆಡ್ಯೂಲಿಂಗ್.

ನಿಧಾನವಾಗುವುದು ಬೇರೆ, ಸಾಯುವುದು ಬೇರೆ

ಸಂಪನ್ಮೂಲಗಳಲ್ಲೂ ಎಲ್ಲದರ ಸ್ವಭಾವ ಒಂದೇ ಅಲ್ಲ. ಪ್ರೊಸೆಸರ್ ಕಡಿಮೆ ಬಿದ್ದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಹತ್ತು ನಿಮಿಷದ್ದು ಇಪ್ಪತ್ತು ನಿಮಿಷ ಆಗಬಹುದು. ಮೆಮೊರಿ ಹಾಗಲ್ಲ. ಕಟ್ಟೆ ತುಂಬಿದ ಮೇಲೆ ಇನ್ನೊಂದು ಪಾತ್ರೆ ಇಟ್ಟರೆ ಯಾವುದೋ ಒಂದು ಕೆಳಗೆ ಬೀಳಲೇಬೇಕು. ಲಿನಕ್ಸ್ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ. ಮೆಮೊರಿ ಪೂರ್ತಿ ಖಾಲಿಯಾದಾಗ ಅದು ಯಾವುದಾದರೂ ಒಂದು ಪ್ರೋಗ್ರಾಮನ್ನು, ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದುಕೊಂಡಿರುವುದನ್ನು, ಆರಿಸಿ ಕೊಂದುಬಿಡುತ್ತದೆ. ಮುಕ್ಕಾಲು ಮುಗಿದಿದ್ದ ಕೆಲಸವೂ ಅಲ್ಲಿಗೆ ಮಣ್ಣುಪಾಲು.

ಒಂದು ಉದಾಹರಣೆ ನೋಡಿ. 'ಅ' ಎಂಬ ಯಂತ್ರದಲ್ಲಿ ಪ್ರೊಸೆಸರಿನ 2 ಕೋರ್ ಖಾಲಿ, 12 ಜಿಬಿ ಮೆಮೊರಿ ಖಾಲಿ. 'ಆ' ಎಂಬುದರಲ್ಲಿ 6 ಕೋರ್ ಖಾಲಿ, ಮೆಮೊರಿ 3 ಜಿಬಿ ಮಾತ್ರ. ಎರಡು ಕೆಲಸಗಳು ಬಂದಿವೆ. ಫೋಟೋಗಳನ್ನು ಚಿಕ್ಕದು ಮಾಡುವ ಕೆಲಸಕ್ಕೆ 4 ಕೋರ್, 1 ಜಿಬಿ ಬೇಕು. ತಿಂಗಳ ಕೊನೆಯ ದೊಡ್ಡ ಲೆಕ್ಕಪತ್ರಕ್ಕೆ 1 ಕೋರ್ ಸಾಕು, ಆದರೆ 8 ಜಿಬಿ ಬೇಕು. ಫೋಟೋ 'ಆ'ಗೆ, ಲೆಕ್ಕಪತ್ರ 'ಅ'ಗೆ ಹೋದರೆ ಎರಡೂ ಸುಸೂತ್ರ. ಕಣ್ಣು ಮುಚ್ಚಿ ಸರದಿಯಂತೆ ಹಂಚಿ ಅದಲುಬದಲಾದರೆ? ಫೋಟೋ ಕುಂಟುತ್ತದೆ, ಲೆಕ್ಕಪತ್ರ ಅರ್ಧದಲ್ಲಿ ಸಾಯುತ್ತದೆ. ಯಂತ್ರಗಳು ಅವೇ, ಕೆಲಸಗಳೂ ಅವೇ. ಹಂಚಿಕೆ ಮಾತ್ರ ಬೇರೆ.

ಒಟ್ಟು ಲೆಕ್ಕವೂ ಮೋಸ ಮಾಡುತ್ತದೆ. ಮೂರು ಯಂತ್ರಗಳಲ್ಲಿ ತಲಾ 3 ಜಿಬಿ ಖಾಲಿ ಇದ್ದರೆ ಕಾಗದದ ಮೇಲೆ 9 ಜಿಬಿ. ಆದರೆ 8 ಜಿಬಿ ಬೇಕಾದ ಕೆಲಸಕ್ಕೆ ಅಲ್ಲಿ ಜಾಗವಿಲ್ಲ. ಮೂರು ಡಬ್ಬಿಗಳಲ್ಲಿ ಒಂದೊಂದು ಸೀಟು ಖಾಲಿ ಇದ್ದರೂ ಮೂವರ ಸಂಸಾರ ಒಟ್ಟಿಗೆ ಕೂರಲಾಗದ ಹಾಗೆ.

ನಾಲ್ಕನೆಯ ಸೀಟು

ನಮ್ಮ ಲೋಕಲ್ ಗಾಡಿಯಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಎಲ್ಲರಿಗೂ ಗೊತ್ತು. 'ಸ್ವಲ್ಪ ಸರಿಯಿರಿ' ಎಂದರೆ ಸಾಕು, ಅಂಚಿನಲ್ಲಿ ಜಾಗ ಹುಟ್ಟುತ್ತದೆ. ಮೂವರೂ ಪೂರ್ತಿ ಜಾಗ ಬಳಸದೆ ಇದ್ದಾಗ ಇದು ಜಾಣತನ. ನಾಲ್ವರ ಕೈಯಲ್ಲೂ ದೊಡ್ಡ ಬ್ಯಾಗಿದ್ದರೆ ಅಂಚಿನವರು ಜಾರುತ್ತಾರೆ.

ಕಂಪ್ಯೂಟರ್ ಲೋಕದಲ್ಲೂ ಪ್ರತಿ ಕೆಲಸ ಎರಡು ಸಂಖ್ಯೆ ಹೇಳಬೇಕೆಂಬ ಪದ್ಧತಿ ಇದೆ. 'ನನಗೆ ಇಷ್ಟು ಖಂಡಿತ ಬೇಕು' ಎಂಬುದು ಒಂದು, 'ಎಷ್ಟೇ ಆದರೂ ಇದಕ್ಕಿಂತ ಹೆಚ್ಚು ಬಳಸುವುದಿಲ್ಲ' ಎಂಬುದು ಇನ್ನೊಂದು. ಶೆಡ್ಯೂಲರ್ ಮೊದಲ ಸಂಖ್ಯೆ ನೋಡಿ ಜಾಗ ಕೊಡುತ್ತದೆ, ಎರಡನೆಯದನ್ನು ಮೀರಿದರೆ ಯಂತ್ರ ತಡೆಯುತ್ತದೆ. ಜನ ಹೆದರಿಕೆಯಿಂದ ಮೊದಲ ಸಂಖ್ಯೆಯನ್ನು ದೊಡ್ಡದಾಗಿ ಬರೆದರೆ ಯಂತ್ರ ಅರ್ಧ ಖಾಲಿಯಿದ್ದರೂ 'ಭರ್ತಿ' ಎಂದು ತೋರಿಸುತ್ತದೆ. ಚಿಕ್ಕದಾಗಿ ಬರೆದರೆ ನಾಲ್ಕನೆಯ ಸೀಟಿನವರ ಗತಿ.

ಈ ಪದ್ಧತಿ ಮನೆಮಾತಾದದ್ದು ಕುಬರ್ನೆಟಿಸ್ ಎಂಬ ಸಾಫ್ಟ್‌ವೇರಿನಿಂದ. ಗೂಗಲ್ ಕಂಪೆನಿ ಅದನ್ನು 2014ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಚುಕ್ಕಾಣಿ ಹಿಡಿಯುವವ ಎಂದು ಅರ್ಥ. ಕರಾವಳಿ ಮೂಲದ ನಮ್ಮ ಕೇಳುಗರಿಗೆ ಇಷ್ಟವಾಗುವ ಹೆಸರು. ಅದಕ್ಕೂ ಮುಂಚೆ ಗೂಗಲ್ ತನ್ನೊಳಗೆ ಬಳಸುತ್ತಿದ್ದುದು ಬೋರ್ಗ್ ಎಂಬ ವ್ಯವಸ್ಥೆ. ಅದರ ವಿವರಗಳನ್ನು 2015ರಲ್ಲಿ ಪ್ರಕಟಿಸಿದಾಗ ತಿಳಿದದ್ದು: ಸಾಧಾರಣವಾಗಿ ಹತ್ತು ಸಾವಿರ ಯಂತ್ರಗಳ ಒಂದು ಗುಂಪನ್ನು ಅದು ಒಂದೇ ಯಂತ್ರದಂತೆ ನೋಡಿಕೊಳ್ಳುತ್ತಿತ್ತು. ಜನ ಕಾದು ಕುಳಿತಿರುವ ತುರ್ತಿನ ಕೆಲಸಗಳಿಗೆ ಕಾಯ್ದಿರಿಸಿ, ಅವು ಬಳಸದೆ ಬಿಟ್ಟ ಜಾಗದಲ್ಲಿ ನಿಧಾನವಾಗಿ ಮುಗಿದರೂ ನಡೆಯುವ ಕೆಲಸಗಳನ್ನು ಕೂರಿಸುತ್ತಿತ್ತು. ತುರ್ತಿನವರು ಬಂದರೆ ಇವು ಎದ್ದು ಜಾಗ ಬಿಡಬೇಕು.

ಈ ಉಪಾಯ ಅದಕ್ಕಿಂತಲೂ ಹಳೆಯದು. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಕಾಂಡೋರ್ ಎಂಬ ವ್ಯವಸ್ಥೆಯ ಬಗ್ಗೆ ಬರೆದರು. ಮೇಜಿನ ಮುಂದೆ ಯಾರೂ ಇಲ್ಲದೆ ಸುಮ್ಮನಿರುವ ಕಂಪ್ಯೂಟರುಗಳನ್ನು ಹುಡುಕಿ ಕೆಲಸ ಕೊಡುವುದು, ಯಜಮಾನ ವಾಪಸು ಬಂದು ಕೀಬೋರ್ಡ್ ಮುಟ್ಟಿದರೆ ತೆಪ್ಪಗೆ ಎದ್ದು ಹೋಗುವುದು, ಅಲ್ಲಿಯವರೆಗಿನ ಕೆಲಸವನ್ನು ಬರೆದಿಟ್ಟುಕೊಂಡು ಬೇರೆ ಕಡೆ ಮುಂದುವರಿಸುವುದು. ಅತಿಥಿ ಹೇಗಿರಬೇಕೋ ಹಾಗೆ!

ವರ್ಕರ್ ಹೆಚ್ಚಿದರೆ ವೇಗ ಹೆಚ್ಚುವುದೇ?

ನಮ್ಮಲ್ಲಿ ಅನೇಕರ ಮಕ್ಕಳು ಐರೋಲಿ, ಘನ್ಸೋಲಿ, ಮಹಾಪೆಯ ಕಂಪೆನಿಗಳಲ್ಲಿ ಇಂಥದೇ ಕೆಲಸದಲ್ಲಿದ್ದಾರೆ. ಅವರಿಗೂ ಒಂದು ಮಾತು. ಕೆಲಸ ಹಿಂದೆ ಬಿದ್ದಾಗ ಮೊದಲು ಹೊಳೆಯುವ ಉಪಾಯ 'ಇನ್ನಷ್ಟು ವರ್ಕರ್ ಹಾಕಿ' ಎಂಬುದು. ಒಂದೇ ಕಾವಲಿಯ ಮುಂದೆ ಆರು ಜನ ಭಟ್ಟರನ್ನು ನಿಲ್ಲಿಸಿದರೆ ದೋಸೆ ಬೇಗ ಬೇಯುತ್ತದೆಯೇ? ಕೈಗೆ ಕೈ ತಾಗುತ್ತದೆ, ಅಷ್ಟೇ.

ಲೆಕ್ಕ ಹೀಗೆ ಹಾಕಬೇಕು. 8 ಕೋರ್, 16 ಜಿಬಿಯ ಒಂದು ಯಂತ್ರ. ಯಂತ್ರದ ಸ್ವಂತ ಖರ್ಚಿಗೆ 2 ಜಿಬಿ ತೆಗೆದಿಡಿ, ಉಳಿದದ್ದು 14. ಒಂದು ವರ್ಕರ್ ಅತಿ ಹೆಚ್ಚು ಎಂದರೆ ಎರಡೂವರೆ ಜಿಬಿ ಬಳಸುತ್ತದೆ ಎಂದಾದರೆ ಐದೇ ವರ್ಕರ್. ಕೋರ್ ಎಂಟಿದೆ ಎಂದು ಎಂಟು ಹಾಕಿದರೆ ಎಲ್ಲ ಒಟ್ಟಿಗೆ ಬಿರುಸಾದ ದಿನ ಯಂತ್ರ ಕುಸಿಯುತ್ತದೆ. ಅದೇ ವರ್ಕರ್ ಒಂದೂವರೆ ಜಿಬಿಯದಾದರೆ ಮೆಮೊರಿಯ ಲೆಕ್ಕದಲ್ಲಿ ಒಂಬತ್ತು ಹಿಡಿಸುತ್ತವೆ, ಆದರೆ ಒಂದೇ ಸಮನೆ ಲೆಕ್ಕ ಮಾಡುವ ಕೆಲಸವಾದರೆ ಎಂಟೇ ಸಾಕು. ಯಾವುದು ಮೊದಲು ಮುಗಿಯುತ್ತದೋ ಅದೇ ಮಿತಿ. ಇನ್ನು, ಬೇರೆ ಕಡೆಯಿಂದ ಉತ್ತರ ಬರಲೆಂದು ಹೆಚ್ಚು ಹೊತ್ತು ಕಾಯುವ ವರ್ಕರ್‌ಗಳಾದರೆ ಕೋರ್‌ಗಿಂತ ಹೆಚ್ಚು ಇದ್ದರೂ ನಡೆಯುತ್ತದೆ. ಕಾಯುವವರಿಗೆ ಕೈ ಬೇಕಿಲ್ಲ, ನಿಲ್ಲಲು ಜಾಗ ಬೇಕು.

ಹಳೆಯ ಸುದ್ದಿಯ ಅಪಾಯ

ಶೆಡ್ಯೂಲರಿಗೆ ಯಾರ ಕೈ ಖಾಲಿ ಎಂದು ತಿಳಿಯುವುದು ಹೇಗೆ? ಪ್ರತಿ ಯಂತ್ರವೂ ಆಗಾಗ 'ನಾನಿದ್ದೇನೆ, ನನ್ನಲ್ಲಿ ಇಷ್ಟು ಖಾಲಿ ಇದೆ' ಎಂದು ಸುದ್ದಿ ಕಳಿಸುತ್ತಿರುತ್ತದೆ. ಇದಕ್ಕೆ ಹಾರ್ಟ್‌ಬೀಟ್ ಎಂದೇ ಹೆಸರು. ಸುದ್ದಿ ನಿಂತರೆ ಯಂತ್ರ ಸತ್ತಿದೆ ಎಂದು ತಿಳಿದು ಅದರ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ.

ಆದರೆ ಸುದ್ದಿ ತಲುಪುವಷ್ಟರಲ್ಲಿ ಹಳತಾಗಿರುತ್ತದೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ 'ಹಿಂದಿನ ಡಬ್ಬಿ ಖಾಲಿ' ಎಂದು ಯಾರೋ ಕೂಗಿದರೆ ಏನಾಗುತ್ತದೆ? ಎಲ್ಲರೂ ಹಿಂದಕ್ಕೆ ಓಡುತ್ತಾರೆ, ಅದೇ ಅತಿ ಹೆಚ್ಚು ತುಂಬುತ್ತದೆ. ಹಲವು ಶೆಡ್ಯೂಲರ್‌ಗಳು ಒಂದೇ ಹಳೆಯ ಪಟ್ಟಿ ನೋಡಿ 'ಅತ್ಯಂತ ಖಾಲಿ' ಯಂತ್ರಕ್ಕೆ ಕೆಲಸ ಕಳಿಸಿದಾಗ ಆಗುವುದೂ ಇದೇ. ಇದಕ್ಕೆ 1990ರ ದಶಕದ ಸಂಶೋಧಕರು ಚೆಂದದ ಪರಿಹಾರ ತೋರಿಸಿದರು. ಎಲ್ಲರನ್ನೂ ನೋಡಬೇಡಿ, ಚೀಟಿ ಎತ್ತಿದಂತೆ ಯಾವುದೋ ಎರಡು ಯಂತ್ರಗಳನ್ನು ಆರಿಸಿ, ಆ ಎರಡರಲ್ಲಿ ಕಡಿಮೆ ಭಾರದ್ದಕ್ಕೆ ಕೊಡಿ. ಒಂದೇ ಚೀಟಿ ಎತ್ತುವುದಕ್ಕಿಂತ ಇದು ಎಷ್ಟೋ ಪಾಲು ಸಮನಾಗಿ ಹಂಚುತ್ತದೆ.

ಇನ್ನೊಂದು ದಾರಿ, ಕೆಲಸವನ್ನು ತಳ್ಳುವುದೇ ಬೇಡ. ಎಲ್ಲ ಆರ್ಡರನ್ನೂ ಒಂದು ಸಾಲಿನಲ್ಲಿ ಇಡಿ. ಕೈ ಖಾಲಿಯಾದವರು ತಾವೇ ಬಂದು ಮುಂದಿನದನ್ನು ಎತ್ತಿಕೊಳ್ಳಲಿ. ಸಾಲು ಮಿತಿಮೀರಿ ಬೆಳೆದರೆ ಹೊಸಬರಿಗೆ 'ಈಗ ಸಾಧ್ಯವಿಲ್ಲ, ಆಮೇಲೆ ಬನ್ನಿ' ಎಂದು ಬಾಗಿಲಲ್ಲೇ ಹೇಳಬೇಕು. ಒಳಗೆ ಕೂರಿಸಿ ಒಂದು ಗಂಟೆ ಕಾಯಿಸುವುದಕ್ಕಿಂತ ಹೌಸ್‌ಫುಲ್ ಬೋರ್ಡು ಮೇಲು.

ಜಾಗ ಮಾತ್ರವಲ್ಲ, ಹೊತ್ತೂ ಸಂಪನ್ಮೂಲವೇ

ಈಗ ಮತ್ತೆ ಯುಪಿಐಗೆ ಬರೋಣ. ಏಪ್ರಿಲಿನ ತೊಂದರೆಯ ನಂತರ ಎನ್‌ಪಿಸಿಐ ಮಾಡಿದ ನಿಯಮಗಳು 2025ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು. ಬಾಕಿ ಉಳಿದ ಪಾವತಿಯ ಸ್ಥಿತಿಯನ್ನು ಮೂರು ಸಲ ಮಾತ್ರ, 90 ಸೆಕೆಂಡು ಅಂತರ ಬಿಟ್ಟು ವಿಚಾರಿಸಬಹುದು. ತಿಂಗಳ ಕಂತು, ಚಂದಾ ಮುಂತಾಗಿ ತಾನಾಗಿಯೇ ಕಡಿತವಾಗುವ ಆಟೋಪೇ ಕೆಲಸಗಳನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 5ರಿಂದ ರಾತ್ರಿ 9.30ರವರೆಗೆ ನಡೆಸಬಾರದು.

ಈ ನಿಯಮಗಳನ್ನು ಓದಿದಾಗ ಕೆಲವರಿಗೆ 'ಇದೇನು ರೇಷನ್ನು!' ಅನ್ನಿಸಿತು. ಆದರೆ ಅದರ ಹಿಂದಿನ ವಿವೇಕ ನೋಡಿ. ಸಂಜೆ ಏಳಕ್ಕೆ ಔಷಧ ಅಂಗಡಿಯಲ್ಲಿ ನಿಂತವರಿಗೆ ಪಾವತಿ ಈಗಲೇ ಆಗಬೇಕು. ಕಂತಿನ ಕಡಿತ ರಾತ್ರಿ ಹತ್ತಕ್ಕೆ ಆದರೂ ಯಾರಿಗೂ ನಷ್ಟವಿಲ್ಲ. ತಡವಾದರೂ ನಡೆಯುವ ಕೆಲಸ ದಾರಿ ಬಿಟ್ಟರೆ ತಡ ಮಾಡಲಾಗದ ಕೆಲಸ ಸಾಗುತ್ತದೆ. ಒಂದೇ ಎಚ್ಚರ: ದಾರಿ ಬಿಡುತ್ತಲೇ ಇರುವವರ ಸರದಿ ಎಂದೂ ಬಾರದೆ ಹೋಗಬಾರದು. ಅದಕ್ಕೇ ಒಳ್ಳೆಯ ಶೆಡ್ಯೂಲರ್ ಕಾದಷ್ಟೂ ಕೆಲಸದ ಪ್ರಾಶಸ್ತ್ಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತದೆ.

ಮಧ್ಯ ರೈಲ್ವೆ ಕೂಡ ಇದನ್ನೇ ಪ್ರಯತ್ನಿಸಿತು. ಬೆಳಗಿನ ನೂಕುನುಗ್ಗಲು ಇಳಿಸಲು ಕಚೇರಿಗಳ ಹೊತ್ತನ್ನು ಹಿಂದುಮುಂದು ಮಾಡಿ ಎಂದು ಸಂಸ್ಥೆಗಳನ್ನು ಕೋರಿತು. 2023ರ ನವೆಂಬರಿನಲ್ಲಿ ತನ್ನ ಸ್ವಂತ ಕಚೇರಿಯಲ್ಲೇ ಎರಡು ಪಾಳಿ ತಂದಿತು. ಆದರೆ ಇಲ್ಲಿ ಹೋಲಿಕೆಗೆ ಒಂದು ಕೊನೆ ಇದೆ. ತುಂಬಿ ಕುಸಿದ ಯಂತ್ರವನ್ನು ಮತ್ತೆ ಎಬ್ಬಿಸಬಹುದು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳಿಂದ ಬಿದ್ದು ಜೀವ ಕಳೆದುಕೊಂಡವರನ್ನು ಎಬ್ಬಿಸಲಾಗದು. ಮಿತಿ ಮೀರಿ ತುಂಬುವುದನ್ನು ಜಾಣತನ ಎಂದುಕೊಳ್ಳುವ ಮುನ್ನ, ಜಾರಿದರೆ ಏನು ಹೋಗುತ್ತದೆ ಎಂದು ಕೇಳಬೇಕು.

ನಮ್ಮ ಊರಿನ ಕರೆಂಟು

ಇದೆಲ್ಲ ನಮಗೆ ದೂರದ ಮಾತಲ್ಲ. ಥಾಣೆ-ಬೇಲಾಪುರ ರಸ್ತೆಯ ಅಕ್ಕಪಕ್ಕ, ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳ ಹೊಗೆ ಕಾಣುತ್ತಿದ್ದ ಐರೋಲಿ, ರಬಾಳೆ, ಮಹಾಪೆಯಲ್ಲಿ ಈಗ ಡೇಟಾ ಸೆಂಟರುಗಳು ಸಾಲಾಗಿ ಎದ್ದಿವೆ. ಅಮೆಜಾನ್ ತನ್ನ ಮುಂಬಯಿ ಕ್ಲೌಡ್ ಕೇಂದ್ರವನ್ನು 2016ರಲ್ಲಿ ಆರಂಭಿಸಿತು. ಪನ್ವೇಲ್‌ನಲ್ಲಿ ಯೋಟ್ಟಾ ಸಂಸ್ಥೆಯ ದೊಡ್ಡ ಕೇಂದ್ರ 2020ರಲ್ಲಿ ತೆರೆಯಿತು. ಸಮುದ್ರದಾಳದ ಕೇಬಲ್ಲುಗಳು ಮುಂಬಯಿ ದಡಕ್ಕೆ ಬಂದು ಸೇರುವುದು ಇದಕ್ಕೆ ಒಂದು ಕಾರಣ.

ಇವಕ್ಕೆ ಹಗಲಿರುಳು ಕರೆಂಟು ಬೇಕು, ಯಂತ್ರ ತಣ್ಣಗಿಡಲು ಇನ್ನಷ್ಟು ಬೇಕು. 2007ರಲ್ಲಿ ಗೂಗಲ್‌ನ ಇಬ್ಬರು ಇಂಜಿನಿಯರುಗಳು ಬರೆದಿದ್ದರು: ಸರ್ವರ್‌ಗಳು ಬಹುಪಾಲು ಹೊತ್ತು ತಮ್ಮ ಶಕ್ತಿಯ ಶೇ. 10ರಿಂದ 50ರಷ್ಟು ಮಾತ್ರ ದುಡಿಯುತ್ತವೆ, ಆದರೆ ಏನೂ ಮಾಡದೆ ನಿಂತಾಗಲೂ ಪೂರ್ಣ ಭಾರದ ಸುಮಾರು ಅರ್ಧದಷ್ಟು ಕರೆಂಟು ತಿನ್ನುತ್ತವೆ. ಆಮೇಲೆ ಯಂತ್ರಗಳು ಸುಧಾರಿಸಿವೆ, ನಿಜ. ಆದರೂ ಸೋಮಾರಿ ಯಂತ್ರ ಬಿಟ್ಟಿಯಲ್ಲ. ಹತ್ತು ಯಂತ್ರದ ಕೆಲಸವನ್ನು ಸರಿಯಾಗಿ ಹೊಂದಿಸಿ ಆರರಲ್ಲಿ ಮುಗಿಸಿದರೆ ಉಳಿದ ನಾಲ್ಕನ್ನು ಆರಿಸಬಹುದು. ಆ ಉಳಿತಾಯ ನಮ್ಮ ಇದೇ ಊರಿನ ಕರೆಂಟಿನಲ್ಲಿ.

ನೀವು ಮಾಡಬಹುದಾದದ್ದು

ಪಾವತಿ ಮಾಡುವಾಗ ಚಕ್ರ ತಿರುಗುತ್ತಾ ನಿಂತರೆ ಮತ್ತೆ ಮತ್ತೆ ಒತ್ತಬೇಡಿ. ಒಂದೂವರೆ ನಿಮಿಷ ಬಿಟ್ಟು ಒಮ್ಮೆ ನೋಡಿ. ಅವಸರದಲ್ಲಿ ಇನ್ನೊಮ್ಮೆ ಕಳಿಸಿದರೆ ಎರಡು ಸಲ ಹಣ ಹೋಗಿರುವ ಸಾಧ್ಯತೆಯೂ ಉಂಟು. ಕಡಿತವಾದ ಮೇಲೂ ಆ ಕಡೆಗೆ ತಲುಪದಿದ್ದರೆ ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ನಿಮ್ಮ ಬ್ಯಾಂಕಿಗೆ ದೂರು ಕೊಡಿ. ಜೇಬಿನ ಮೂಲೆಯಲ್ಲಿ ಒಂದು ನೂರರ ನೋಟು ಸದಾ ಇರಲಿ.

ಸಾಫ್ಟ್‌ವೇರ್ ಬರೆಯುವ ನಮ್ಮ ಹುಡುಗ ಹುಡುಗಿಯರೂ ಇದೇ ಪಾಠವನ್ನು ತಮ್ಮ ಪ್ರೋಗ್ರಾಮಿಗೆ ಕಲಿಸಲಿ. ಉತ್ತರ ಬಾರದಿದ್ದರೆ ಮೊದಲು ಒಂದು ಸೆಕೆಂಡು ಕಾಯಲಿ, ಆಮೇಲೆ ಎರಡು, ಆಮೇಲೆ ನಾಲ್ಕು, ಎಂಟು. ಎಲ್ಲರೂ ಒಂದೇ ಕ್ಷಣಕ್ಕೆ ಮರಳಿ ಬಾರದಂತೆ ಅದಕ್ಕೆ ಒಂದಿಷ್ಟು ಹೆಚ್ಚುಕಡಿಮೆ ಬೆರೆಸಲಿ. ಇಷ್ಟು ಸಲದ ಮೇಲೆ ಸಾಕು ಎನ್ನಲಿ.

ಮತ್ತೆ ಫೋನ್-ಇನ್ ದಿನ ಲೈನು ಎಂಗೇಜ್ ಬಂದರೆ ಬೇಸರಿಸಬೇಡಿ. ಒಂದು ಹಾಡು ಕೇಳಿ ಮುಗಿಸಿ, ಆಮೇಲೆ ಹಚ್ಚಿ. ಲೈನು ಸಿಗುತ್ತದೆ.